ಗಂಟುರೋಗದ ಕುಲಗೋತ್ರ

ರಾಮನಗರದ ಗೂಡು ಮಾರುಕಟ್ಟೆಗೆ ಬರುವ ಹಳದಿ ಗೂಡಿನ ತವರು ಯಾವುದೆಂದು ಹುಡುಕಿ ಹೊರಟರೆ ದಾರಿ ಮಾಗಡಿಯತ್ತ ತಿರುಗುತ್ತದೆ. ಅದು ಮಿಶ್ರತಳಿ ಗೂಡು. ಅಪ್ಪ ದ್ವಿತಳಿ (ವರ್ಷಕ್ಕೆ ಎರಡೇ ಪೀಳಿಗೆಯ ಜಾತಿ), ಆನೇಕಲ್, ಹೊಸಕೋಟೆ, ದೇವನಹಳ್ಳಿ ಕಡೆಯ ಬಿತ್ತನೆ ಪ್ರದೇಶದವನು. ಅಮ್ಮ ಮಾತ್ರ ಅಪ್ಪಟ ಮೈಸೂರು ತಳಿ. ಕುಣಿಗಲ್, ಮಾಗಡಿ, ಸೋಲೂರು, ಕುದೂರು ಸುತ್ತಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಉಳಿದು ಬಂದವಳು. ಆ ಸೀಮೆಯಲ್ಲಿ ಬೇರೆ ತಳಿಯ ಹುಳು ಸಾಕುವಂತಿಲ್ಲ, ಕಾನೂನೇ ಅಡ್ಡ ನಿಂತಿದೆ. ಬಿತ್ತನೆಯ ಸೀಮೆಯನ್ನು ಹೀಗೆ ಬೇಲಿ ಹಾಕಿ ಕಾಯುವುದರ ಹಿಂದೆ ತಳಿ ಕೆಡಬಾರದೆಂಬ ಕಾಳಜಿಯ ಜೊತೆಗೆ ಇನ್ನೊಂದು ಭಯವೂ ಇದೆ. ರೇಷ್ಮೆಹುಳುವಿಗೆ ಬರುವ ಒಂದು ಕಾಯಿಲೆ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ನಮ್ಮ ರೈತರು ಅದನ್ನು ಗಂಟುರೋಗ ಎನ್ನುತ್ತಾರೆ. ಪುಸ್ತಕಗಳಲ್ಲಿ ಅದರ ಹೆಸರು ಪೆಬ್ರಿನ್.

ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟಿನಂಥ ಬೇರೆ ಕಾಯಿಲೆ ಯಾವುದೇ ಬರಲಿ, ಹುಳುಮನೆಯನ್ನು ತೊಳೆದು ಸುಣ್ಣ ಎರಚಿ, ಔಷಧಿ ಹೊಡೆದು, ಗಾಳಿ ಬೆಳಕು ಸರಿಮಾಡಿ ರೈತ ಒಂದಿಷ್ಟು ಹೋರಾಡಬಹುದು. ಗಂಟುರೋಗದ ಹುಳು ಮೊಟ್ಟೆಯೊಳಗಿನಿಂದಲೇ ಕಾಯಿಲೆ ಹೊತ್ತು ಬಂದರೆ ಚಾಕಿಯಲ್ಲಿ, ಅಂದರೆ ಎಳೆಹುಳುವಿನ ಸಾಕಣೆಯಲ್ಲಿ, ಎಷ್ಟು ಜೋಪಾನ ಮಾಡಿದರೂ ಅಷ್ಟೇ. ಒಂದೇ ತಟ್ಟೆಯಲ್ಲಿ ಒಂದು ಹುಳು ದಪ್ಪ, ಇನ್ನೊಂದು ಸಣಕಲು. ಅರ್ಧ ಹುಳು ಜ್ವರಕ್ಕೆ (ಪೊರೆ ಬಿಡಲು) ಕೂತರೆ ಇನ್ನರ್ಧ ಸೊಪ್ಪು ತಿನ್ನುತ್ತಲೇ ಇರುತ್ತವೆ. ಚರ್ಮದ ಮೇಲೆ ಮೆಣಸಿನಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ. ಬದುಕಿ ಉಳಿದವು ಚಂದ್ರಿಕೆ ಹತ್ತಿದರೂ ಕಟ್ಟುವುದು ತೆಳ್ಳನೆಯ ಗೂಡು. ಅವುಗಳಿಂದ ಹೊರಬರುವ ಚಿಟ್ಟೆ ಮತ್ತೆ ರೋಗದ ಮೊಟ್ಟೆಯನ್ನೇ ಇಡುತ್ತದೆ.

ಆದ್ದರಿಂದ ಈ ರೋಗದ ಜೊತೆ ಜಗಳ ನಡೆಯುವುದು ಹುಳುಮನೆಯಲ್ಲಿ ಅಲ್ಲ, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ. ಅಲ್ಲಿ ಬೆಳಗಿನ ಜಾವ ಗೂಡು ಒಡೆದು ಬಂದ ಹೆಣ್ಣು ಗಂಡು ಚಿಟ್ಟೆಗಳನ್ನು ಕೂಡಿಸಿ, ಕೆಲವು ಗಂಟೆಗಳ ಮೇಲೆ ಕೈಯಿಂದ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲೆ ಕೂರಿಸಿ ಮುಚ್ಚುತ್ತಾರೆ. ಕತ್ತಲಲ್ಲಿ ಅದು ನಾನೂರರ ಆಸುಪಾಸು ಮೊಟ್ಟೆ ಇಡುತ್ತದೆ. ನಂತರ ಆ ತಾಯಿಯನ್ನು ಸಣ್ಣ ಒರಳಿಗೆ ಹಾಕಿ, ಪೊಟ್ಯಾಷಿಯಂ ಕಾರ್ಬೊನೇಟಿನ ತೆಳು ದ್ರಾವಣ ಬೆರೆಸಿ ಅರೆಯುತ್ತಾರೆ. ಒಂದು ಹನಿ ಗಾಜಿನ ಪಟ್ಟಿಗೆ ಬೀಳುತ್ತದೆ, ಪಟ್ಟಿ ಸೂಕ್ಷ್ಮದರ್ಶಕದ ಕೆಳಗೆ ಹೋಗುತ್ತದೆ. ಸುಮಾರು 600 ಪಟ್ಟು ದೊಡ್ಡದಾಗಿ ಕಾಣುವ ಆ ಹನಿಯಲ್ಲಿ ಕೊಬ್ಬಿನ ಗುಳ್ಳೆ, ರೆಕ್ಕೆಯ ಹುಡಿ, ಹರಳು ಏನೇನೋ ತೇಲುತ್ತಿರುತ್ತವೆ. ಅವುಗಳ ನಡುವೆ ಮೊಟ್ಟೆಯಾಕಾರದ, ಒಂದೇ ಅಳತೆಯ, ಹೊಳೆಯುವ, ನಿಂತಲ್ಲೇ ನಡುಗುವ ಕಾಳುಗಳು ಕಂಡವೋ, ಆ ತಾಯಿಯ ಮೊಟ್ಟೆ ಬೆಂಕಿಗೆ. ಕಾಳಿನ ಉದ್ದ ಮೂರರಿಂದ ನಾಲ್ಕು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಸಾಲಾಗಿ ನಿಲ್ಲಬಹುದು.

ಈ ಕಾಳು ಯಾವ ಜಾತಿಯದು? ಗಿಡವೇ, ಪ್ರಾಣಿಯೇ, ಶಿಲೀಂಧ್ರವೇ? ಸುಮಾರು 160 ವರ್ಷಗಳಲ್ಲಿ ಇದರ ಕುಲಗೋತ್ರವನ್ನು ವಿಜ್ಞಾನಿಗಳು ಮೂರು ಸಲ ಬದಲಿಸಿದ್ದಾರೆ. ಕೋಠಿಯವರು ಮಾತ್ರ ಅದನ್ನು ಸುಡುವುದನ್ನು ಒಮ್ಮೆಯೂ ನಿಲ್ಲಿಸಲಿಲ್ಲ.

ನಮ್ಮ ಸೀಮೆಗೆ ಹುಳು ಬಂದದ್ದು ಟಿಪ್ಪುವಿನ ಕಾಲದಲ್ಲಿ. 1786ರ ಸೆಪ್ಟೆಂಬರಿನಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಒಂದು ಕಾಗದ ಉಳಿದಿದೆ. ರೇಷ್ಮೆಹುಳು ತರಲೆಂದು ಬಂಗಾಳಕ್ಕೆ ಕಳಿಸಿದ್ದ ಬಹಾವುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಸಿದ್ಧವಟದ ದಾರಿಯಾಗಿ ಮರಳುತ್ತಿದ್ದಾರೆ, ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕೆಂದು ಅವರನ್ನೇ ಕೇಳಿ ವ್ಯವಸ್ಥೆ ಮಾಡು ಎಂಬುದು ಅದರ ಸಾರ. ಇಬ್ಬರ ಹೆಸರೂ ಇತಿಹಾಸದಲ್ಲಿ ಮತ್ತೆ ಕೇಳಿಬರುವುದಿಲ್ಲ. ಆದರೆ ಹಿಪ್ಪುನೇರಳೆ ಬೇರೂರಿತು. ಟಿಪ್ಪು ಸತ್ತ ಮೇಲೂ ಚನ್ನಪಟ್ಟಣ, ಕನಕಪುರ, ಮಾಗಡಿ, ಆಗಿನ್ನೂ ಕ್ಲೋಸ್‌ಪೇಟೆ ಎನಿಸಿಕೊಳ್ಳುತ್ತಿದ್ದ ರಾಮನಗರ, ಈ ಸುತ್ತಿನಲ್ಲಿ ಹುಳು ಸಾಕಣೆ ಉಳಿದುಕೊಂಡಿತು.

ಅತ್ತ ಯುರೋಪಿನಲ್ಲಿ ಕಥೆ ಬೇರೆಯಾಯಿತು. ಫ್ರಾನ್ಸಿನ ಗೂಡಿನ ಇಳುವರಿ 1853ರಲ್ಲಿ 26,000 ಟನ್ ಇತ್ತು. 1865ಕ್ಕೆ ಅದು 4,000 ಟನ್ನಿಗೆ ಕುಸಿಯಿತು. ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಗಾಡಿನ ಊರುಗಳಲ್ಲಿ ಹಿಪ್ಪುನೇರಳೆಯನ್ನು ಬಂಗಾರದ ಮರ ಎನ್ನುತ್ತಿದ್ದವರು ಅದನ್ನೇ ಕಡಿದು ಸೌದೆ ಮಾಡಿದರು. ರೋಗವಿಲ್ಲದ ಬಿತ್ತನೆ ಹುಡುಕುತ್ತ ವ್ಯಾಪಾರಿಗಳು ಇಟಲಿ ದಾಟಿದರು, ತುರ್ಕಿಗೆ ಹೋದರು, ಕಾಕಸಸ್ಸಿಗೆ ಹೋದರು. ಹೋದಲ್ಲೆಲ್ಲ ರೋಗವೂ ಹಿಂಬಾಲಿಸಿತು. ಕೊನೆಗೆ ಉಳಿದದ್ದು ಜಪಾನ್. ಹುಳು ಸಾವಿನ ಅಲೆ ಮೈಸೂರನ್ನೂ ಮುಟ್ಟಿತು. 1860ರ ದಶಕದಲ್ಲಿ ಇಲ್ಲಿಯ ಹುಳುಗಳೂ ಸಾಯತೊಡಗಿದಾಗ ಸಿನ್ಯೋರ್ ದೆ ವೆಕ್ಕಿ ಎಂಬ ಇಟಲಿಯ ಉದ್ಯಮಿ ಜಪಾನಿನಿಂದ ಮೊಟ್ಟೆ ಹಾಳೆ ತರಿಸಿ ಹಂಚಿಸಿದ, ಕೆಂಗೇರಿಯಲ್ಲಿ ನೂಲು ತೆಗೆಯುವ ಯಂತ್ರ ಹೂಡಿದ. ಅದು ಬಹುಕಾಲ ನಡೆಯಲಿಲ್ಲ. ಹುಳು ಸಾಯುವುದು ಯಾವ ಕಾಯಿಲೆಯಿಂದ ಎಂದು ಗುರುತಿಸಿ ಹೇಳಬಲ್ಲ ಕಣ್ಣು ಆಗ ಮೈಸೂರಿನಲ್ಲಿ ಇರಲಿಲ್ಲ. ಊರವರ ಪಾಲಿಗೆ ಅದು ಅಮ್ಮನ ಮುನಿಸು, ಕಣ್ಣು ದೃಷ್ಟಿ, ಇಲ್ಲವೆ ಮೈಲಿಗೆ.

ಕಾಳುಗಳನ್ನು ಕಂಡವರು ಇಲ್ಲವೆಂದಲ್ಲ. ಇಟಲಿಯ ಎಮಿಲಿಯೋ ಕೊರ್ನಾಲಿಯಾ 1850ರ ದಶಕದಲ್ಲೇ ರೋಗದ ಹುಳುವಿನಲ್ಲಿ ಅವನ್ನು ವಿವರವಾಗಿ ನೋಡಿದ್ದ; ಕೊರ್ನಾಲಿಯಾನ ಕಣಗಳು ಎಂದೇ ಅವು ಹೆಸರಾದವು. 1857ರಲ್ಲಿ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿ ಅವಕ್ಕೆ ನೊಸಿಮಾ ಬಾಂಬಿಸಿಸ್ ಎಂದು ಶಾಸ್ತ್ರೋಕ್ತ ನಾಮಕರಣ ಮಾಡಿದ. ಹೆಸರು ಇಂದಿಗೂ ಅದೇ ಇದೆ. ಆದರೆ ಅವನು ಅದನ್ನು ಸೇರಿಸಿದ ಮನೆ ಬೇರೆ. ದುಂಡಗೆ, ಸಣ್ಣಗೆ, ಹುಳಿಬರಿಸುವ ಯೀಸ್ಟಿನಂತೆ ಕಾಣುತ್ತದೆ ಎಂದು ಯೀಸ್ಟು, ಬ್ಯಾಕ್ಟೀರಿಯಾಗಳೆಲ್ಲ ತುಂಬಿದ್ದ ಒಂದು ಶಿಲೀಂಧ್ರ ಗುಂಪಿಗೆ ತಳ್ಳಿದ. ರೂಪ ನೋಡಿ ಕುಲ ಹೇಳುವ ಕಾಲವದು, ಅವನನ್ನು ಬೈಯುವಂತಿಲ್ಲ.

ಲೂಯಿ ಪಾಶ್ಚರ್ ಈ ಕೆಲಸಕ್ಕೆ ಬಂದದ್ದು 1865ರಲ್ಲಿ, ಗುರು ಡ್ಯೂಮಾನ ಒತ್ತಾಯಕ್ಕೆ. ಅವನು ರಸಾಯನಶಾಸ್ತ್ರಜ್ಞ. ಅವತ್ತಿನವರೆಗೆ ರೇಷ್ಮೆಹುಳುವನ್ನು ಮುಟ್ಟಿದವನಲ್ಲ. ಆವಿನ್ಯೋನಿನಲ್ಲಿ ಕೀಟಗಳ ಪಂಡಿತ ಫಾಬ್ರ್‌ನ ಮನೆಗೆ ಹೋಗಿ ಗೂಡು ಕೇಳಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಒಳಗೆ ಏನೋ ಸದ್ದಾಗುತ್ತದಲ್ಲ ಎಂದು ಬೆರಗಾದ. ಒಳಗಿರುವುದು ಪ್ಯೂಪಾ ಎಂದು ಫಾಬ್ರ್ ಹೇಳಬೇಕಾಯಿತು. ಇಂಥವನು ರೇಷ್ಮೆಯನ್ನು ಉಳಿಸುತ್ತಾನೆಯೇ ಎಂದು ಫಾಬ್ರ್‌ಗೆ ಅಚ್ಚರಿಯಾಯಿತಂತೆ, ಆಮೇಲೆ ಅದೇ ಧೈರ್ಯವನ್ನು ಅವನು ಮೆಚ್ಚಿಯೂ ಬರೆದಿದ್ದಾನೆ.

ಆಲೆಸ್ ಪಟ್ಟಣದ ಬಳಿ ಒಂದು ಮನೆಯಲ್ಲಿ ಹೆಂಡತಿ, ಮಗಳು, ಶಿಷ್ಯರನ್ನೆಲ್ಲ ಸೇರಿಸಿಕೊಂಡು ಪಾಶ್ಚರ್ ಹುಳು ಸಾಕಿದ. 1865ರಲ್ಲೇ ತಂದೆ ಸತ್ತ, ಒಬ್ಬ ಮಗಳು ಸತ್ತಳು, ಮರುವರ್ಷ ಇನ್ನೊಬ್ಬಳು. 1868ರಲ್ಲಿ ಅವನಿಗೇ ಪಾರ್ಶ್ವವಾಯು ಬಡಿಯಿತು. ಕೆಲಸ ನಿಲ್ಲಲಿಲ್ಲ. ಅವನು ಕಂಡುಕೊಂಡ ದಾರಿ ಕೇಳಲು ಸರಳ. ಒಂದೊಂದು ಚಿಟ್ಟೆಯನ್ನು ಒಂದೊಂದು ತುಂಡು ಬಟ್ಟೆಯ ಮೇಲೆ ಮೊಟ್ಟೆ ಇಡಲು ಬಿಡು, ಇಟ್ಟ ಮೇಲೆ ಆ ಬಟ್ಟೆಯ ಮೂಲೆಗೇ ಅದನ್ನು ಸೂಜಿಯಿಂದ ಚುಚ್ಚಿಡು, ಬಿಡುವಾದಾಗ ಅರೆದು ನೋಡು, ಕಣ ಕಂಡರೆ ಬಟ್ಟೆ ಸಮೇತ ಸುಡು. 1866ರಲ್ಲಿ ಸೇಂಟ್ ಇಪೊಲೀತ್ ಊರಿನ ಹದಿನಾಲ್ಕು ಮೊಟ್ಟೆ ತಂಡಗಳ ತಾಯಂದಿರನ್ನು ಹೀಗೆ ನೋಡಿ, ಮುಂದಿನ ಬೆಳೆ ಏನಾಗುತ್ತದೆಂದು ಬರೆದು ಮೊಹರು ಮಾಡಿ ಮೇಯರನ ಕೈಗೆ ಕೊಟ್ಟ. ಮರುವರ್ಷ ಲಕೋಟೆ ಒಡೆದರೆ ಹನ್ನೆರಡು ಸರಿ.

ಈ ಕಥೆಯಲ್ಲಿ ಶಾಲೆಯ ಪಾಠಗಳು ಬಿಡುವ ಒಂದು ಸಂಗತಿ ಇದೆ. ಲಕೋಟೆಗೆ ಮೊಹರು ಒತ್ತುವಾಗ ಪಾಶ್ಚರ್‌ಗೆ ಆ ಕಣಗಳು ಜೀವಿಗಳೆಂಬ ನಂಬಿಕೆಯೇ ಇರಲಿಲ್ಲ. ರೋಗಿ ಹುಳುವಿನ ಮೈಯೇ ಕೆಟ್ಟು ಹೀಗೆ ಕಣವಾಗುತ್ತದೆ, ಕೀವಿನಂತೆ, ರಕ್ತಕಣದಂತೆ, ಎಂದೇ ಅವನು ತಿಳಿದಿದ್ದ. ಇದು ಹೊರಗಿನಿಂದ ಬಂದ ಪರಾವಲಂಬಿ ಎಂದು ಅವನ ಕಡು ಎದುರಾಳಿ ಬೆಶಾಂಪ್ 1866ರಲ್ಲೇ ವಾದಿಸುತ್ತಿದ್ದ. ಪಾಶ್ಚರ್ ಒಪ್ಪಿದ್ದು 1867ರಲ್ಲಿ, ಶಿಷ್ಯ ಜೆರ್ನೆಜ್ ಮಾಡಿದ ಪ್ರಯೋಗಗಳನ್ನು ಕಂಡ ಮೇಲೆ. 1870ರಲ್ಲಿ ಅವನ ಎರಡು ಸಂಪುಟಗಳ ಗ್ರಂಥ ಬಂತು, ರೋಗಾಣು ಸಿದ್ಧಾಂತದ ಮುನ್ನುಡಿಗಳಲ್ಲಿ ಅದೂ ಒಂದಾಯಿತು. ಅಂದರೆ ಔಷಧಿ ಮೊದಲು ಬಂತು, ರೋಗ ಯಾವುದೆಂಬ ಅರಿವು ಆಮೇಲೆ ಬಂತು.

ಕುಲದ ಪ್ರಶ್ನೆ ಮುಂದಿನ ಪೀಳಿಗೆಗೆ ಉಳಿಯಿತು. 1882ರಲ್ಲಿ ಬಾಲ್ಬಿಯಾನಿ ಈ ಕಾಳು ಯೀಸ್ಟಲ್ಲ, ಬೀಜಕಣ ಬಿಡುವ ಏಕಕೋಶ ಪ್ರಾಣಿಗಳ ಸಾಲಿಗೆ ಸೇರಬೇಕಾದದ್ದು ಎಂದು ತೀರ್ಮಾನಿಸಿ ಮೈಕ್ರೋಸ್ಪೊರಿಡಿಯಾ ಎಂಬ ಹೊಸ ಗುಂಪನ್ನೇ ಕಟ್ಟಿದ. 1894ರಲ್ಲಿ ತೆಲೊಹಾನ್ ಕಾಳಿನೊಳಗಿನಿಂದ ಒಂದು ದಾರ ಚಿಮ್ಮುವುದನ್ನು ಕಂಡ. ಇಡೀ ಜೀವಿಯ ಚಮತ್ಕಾರವೇ ಆ ದಾರದಲ್ಲಿದೆ. ಹಿಪ್ಪುನೇರಳೆ ಎಲೆಯ ಜೊತೆ ಹುಳುವಿನ ಹೊಟ್ಟೆ ಸೇರಿದ ಕಾಳು ಅಲ್ಲಿಯ ಕ್ಷಾರಕ್ಕೆ ಉಬ್ಬಿ, ಒಳಗೆ ಸುರುಳಿ ಸುತ್ತಿಕೊಂಡಿದ್ದ ನಳಿಕೆಯನ್ನು, ಅಂಗಿಯ ತೋಳನ್ನು ಒಳಮೈ ಹೊರಗಾಗಿ ಮಗುಚಿದ ಹಾಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆಸೆಯುತ್ತದೆ. ನಾಲ್ಕು ಮೈಕ್ರಾನಿನ ಕಾಳಿನಿಂದ ನೂರು ಮೈಕ್ರಾನಿನಷ್ಟು ಉದ್ದದ ನಳಿಕೆ! ಅದರ ತುದಿ ಕರುಳಿನ ಜೀವಕೋಶಕ್ಕೆ ಚುಚ್ಚಿಕೊಂಡಾಗ ಕಾಳಿನ ಒಳಗಿನ ಜೀವದ್ರವ್ಯವೆಲ್ಲ ಆ ದಾರಿಯಾಗಿ ಹರಿದು ಒಳಸೇರುತ್ತದೆ. ಅಲ್ಲಿ ಒಡೆದು ಒಡೆದು ಹೆಚ್ಚಿ, ಮತ್ತೆ ಕಾಳಾಗಿ, ಹಿಕ್ಕೆಯ ಜೊತೆ ತಟ್ಟೆಗೆ ಬೀಳುತ್ತದೆ. ಹೆಣ್ಣಾದರೆ ಅಂಡಾಶಯಕ್ಕೂ ಹೋಗುತ್ತದೆ.

ಇದೆಲ್ಲ ತಿಳಿಯುತ್ತಿದ್ದ ಹೊತ್ತಿಗೆ ಪಾಶ್ಚರ್‌ನ ಪದ್ಧತಿ ಹಿಂದೂಸ್ತಾನಕ್ಕೂ ಇಳಿದಿತ್ತು. ಬಂಗಾಳದ ನಿತ್ಯಗೋಪಾಲ ಮುಖರ್ಜಿ ಯುರೋಪಿಗೆ ಹೋಗಿ ಕಲಿತು ಬಂದು ಅಲ್ಲಿ ಹಬ್ಬಿಸಿದರು. ಬೆಂಗಳೂರಿನಲ್ಲಿ ಜೆಮ್‌ಶೆಟ್‌ಜಿ ಟಾಟಾ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರದ ನೆರವಿನಿಂದ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಪಾನಿನ ತಜ್ಞರನ್ನು ಕರೆಸಿ ಒಂದು ರೇಷ್ಮೆ ತೋಟ ಹೂಡಿದರು. ತೋಟ ಹೋಗಿ ಬಡಾವಣೆಯಾದರೂ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಬಸವನಗುಡಿಯ ಪಕ್ಕದಲ್ಲಿ ಹಾಗೇ ಇದೆ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಇಟಲಿಯ ವಾಷಿಂಗ್ಟನ್ ಮಾರಿ ಮೈಸೂರು ಸರ್ಕಾರದ ತಜ್ಞನಾಗಿ ಬಂದ. ಚನ್ನಪಟ್ಟಣದ ರೇಷ್ಮೆ ಫಾರಂ ಆ ಕಾಲದ್ದು. ಆಮೇಲೆ ಇಲಾಖೆ ನವರತ್ನ ರಾಮರಾಯರ ಕೈಗೆ ಬಂತು. ಕನ್ನಡ ಓದುಗರಿಗೆ ಅವರು ‘ಕೆಲವು ನೆನಪುಗಳು’ ಬರೆದವರು, ರಾಜಾಜಿಯವರ ಗೆಳೆಯರು. ರೇಷ್ಮೆಯವರಿಗೆ ಅವರು ಮಿಶ್ರತಳಿಯನ್ನು ಹಳ್ಳಿಗೆ ಮುಟ್ಟಿಸಿದವರು. ಜಪಾನಿನ ತಜ್ಞ ಯೊನೆಮುರಾ ಜೊತೆ ಅವರು ಬರೆದ ರೇಷ್ಮೆ ಕೃಷಿಯ ಕೈಪಿಡಿಯನ್ನು ಸರ್ಕಾರಿ ಮುದ್ರಣಾಲಯ ಅಚ್ಚು ಹಾಕಿತು, ಬಹುಕಾಲ ಅದೇ ಇಲಾಖೆಯ ಪಠ್ಯವಾಗಿತ್ತು.

ಪಾಶ್ಚರ್‌ನ ವಿಧಾನ ಇಲ್ಲಿ ಹಾಗ್ಹಾಗೇ ನಡೆಯುವಂತಿರಲಿಲ್ಲ. ಫ್ರಾನ್ಸಿನ ಹುಳು ವರ್ಷಕ್ಕೆ ಒಂದು ಬೆಳೆಯದು. ಮೊಟ್ಟೆ ಬೇಸಿಗೆಯಲ್ಲಿ ಇಟ್ಟರೆ ಮುಂದಿನ ವಸಂತದವರೆಗೆ ಮಲಗಿರುತ್ತದೆ. ತಾಯಿಯ ಹೆಣ ಬಟ್ಟೆಯ ಮೂಲೆಯಲ್ಲಿ ಒಣಗಿ ಕಾಯಬಹುದು, ಚಳಿಗಾಲದ ಬಿಡುವಿನಲ್ಲಿ ಮನೆಯ ಹೆಂಗಸರೆಲ್ಲ ಕೂತು ನೋಡಬಹುದು. ಮಾಗಡಿಯ ಮೈಸೂರು ತಳಿ ಮಲಗುವ ಜಾತಿಯಲ್ಲ. ಇಟ್ಟ ಮೊಟ್ಟೆ ಹತ್ತು ದಿನಕ್ಕೆ ಒಡೆಯುತ್ತದೆ, ವರ್ಷಕ್ಕೆ ಐದಾರು ಬೆಳೆ. ತಾಯಿಯನ್ನು ಅರೆದು, ನೋಡಿ, ಸುಡುವುದನ್ನು ಸುಟ್ಟು, ಉಳಿದದ್ದನ್ನು ರೈತರಿಗೆ ಮುಟ್ಟಿಸುವುದೆಲ್ಲ ಅಷ್ಟರಲ್ಲಿ ಮುಗಿಯಬೇಕು. ಒಂದು ಬೆಳೆಯ ಹುಳು ಚಂದ್ರಿಕೆ ಹತ್ತುವಾಗ ಪಕ್ಕದ ಮನೆಯಲ್ಲಿ ಇನ್ನೊಂದು ಬೆಳೆಯ ಚಾಕಿ ನಡೆದಿರುತ್ತದೆ. ರೋಗದ ಕಾಳಿಗೆ ಉಪವಾಸ ಎಂಬುದೇ ಇಲ್ಲ. ಬಿತ್ತನೆಯನ್ನು ರೈತನ ಮನೆಯಿಂದ ಬಿಡಿಸಿ ಕೋಠಿಗೆ ತಂದದ್ದಕ್ಕೆ, 1959ರಲ್ಲಿ ಬಿತ್ತನೆ, ಗೂಡು, ನೂಲುಗಳ ನಿಯಂತ್ರಣಕ್ಕೆ ರಾಜ್ಯ ಕಾಯ್ದೆ ಮಾಡಿದ್ದಕ್ಕೆ ಈ ಹತ್ತು ದಿನದ ಗಡುವೂ ಒಂದು ಕಾರಣ ಎನ್ನಬೇಕು. ರಾಜಕೀಯ ಇತಿಹಾಸದ ಪುಸ್ತಕಗಳಲ್ಲಿ ಈ ಕಾಯ್ದೆಗೆ ಒಂದು ಸಾಲಿನ ಜಾಗವೂ ಸಿಗುವುದಿಲ್ಲ. ಆದರೆ ಕನಕಪುರದ ಒಂದು ಸಣ್ಣ ಹಿಡುವಳಿಗೆ ಅದು ಮಾಡಿದ ಉಪಕಾರ ದೊಡ್ಡದು.

ವಿದ್ವಾಂಸರ ಕಡೆ ರೂಪದ ಲೆಕ್ಕಾಚಾರವೇ ಮುಂದುವರಿದಿತ್ತು. ಬ್ರಿಟಿಷ್ ಇಂಡಿಯಾದ ಪ್ರಾಣಿಗಳನ್ನು ಪಟ್ಟಿಮಾಡುವ ದೊಡ್ಡ ಗ್ರಂಥಮಾಲೆಗೆ ಬಿ.ಎಲ್. ಭಾಟಿಯಾ ಏಕಕೋಶ ಜೀವಿಗಳ ಸಂಪುಟಗಳನ್ನು ಬರೆದರು. ಮೈತುಂಬ ರೋಮವಿದ್ದು ಈಜುವ ಸಿಲಿಯೇಟುಗಳದ್ದು 1936ರಲ್ಲಿ, ಬೀಜಕಣ ಬಿಡುವ ಪರಾವಲಂಬಿಗಳದ್ದು 1938ರಲ್ಲಿ. ಕೆರೆ, ಕಡಲುಗಳ ಸಿಲಿಯೇಟುಗಳನ್ನು ಬೇರ್ಪಡಿಸಲು ರೋಮದ ಸಾಲುಗಳು ಸಿಕ್ಕುತ್ತವೆ, ಬಾಯಿಯ ಆಕಾರ ಸಿಕ್ಕುತ್ತದೆ, ಬೆಳ್ಳಿಯ ಬಣ್ಣ ಹಾಕಿದರೆ ಆ ಸಾಲುಗಳು ಎದ್ದು ಕಾಣುತ್ತವೆ. ಗಂಟುರೋಗದ ಕಾಳಿನಲ್ಲಿ ನೋಡಲು ಏನಿದೆ? ಉದ್ದ, ಅಗಲ, ಒಳಗೆ ಜೋಡಿಯಾಗಿ ಅಂಟಿಕೊಂಡ ಎರಡು ನ್ಯೂಕ್ಲಿಯಸ್ಸು, ನಳಿಕೆಯ ಸುರುಳಿಗಳ ಸಂಖ್ಯೆ, ಕಾಳುಗಳು ಬಿಡಿಯಾಗಿವೆಯೋ ಚೀಲದೊಳಗೆ ಎಂಟಾಗಿ ಕೂತಿವೆಯೋ ಎಂಬುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲಷ್ಟೆ ಸುರುಳಿ ಎಣಿಸಲು ಸಾಧ್ಯವಾಯಿತು. ಅದೇ ಸೂಕ್ಷ್ಮದರ್ಶಕ ಒಂದು ಕೊರತೆಯನ್ನೂ ತೋರಿಸಿತು: ಈ ಜೀವಿಯಲ್ಲಿ ಮೈಟೊಕಾಂಡ್ರಿಯಾ ಕಾಣುತ್ತಿಲ್ಲ! ಪ್ರಾಣಿ, ಗಿಡ, ಅಣಬೆ ಎಲ್ಲದರ ಜೀವಕೋಶದಲ್ಲೂ ಶಕ್ತಿ ತಯಾರಿಸುವ ಈ ಅಂಗ ಇಲ್ಲಿ ಏಕಿಲ್ಲ?

1983ರಲ್ಲಿ ಥಾಮಸ್ ಕ್ಯಾವಲಿಯರ್ ಸ್ಮಿತ್ ದಿಟ್ಟ ಉತ್ತರ ಕೊಟ್ಟ. ಮೈಟೊಕಾಂಡ್ರಿಯಾ ಜೀವಕೋಶಕ್ಕೆ ಸೇರಿಕೊಳ್ಳುವ ಮೊದಲೇ ಕವಲೊಡೆದು ಹೋದ ಆದಿವಾಸಿ ಜೀವಿಗಳು ಇವು ಎಂದ. ನಾಲ್ಕು ವರ್ಷಕ್ಕೆ ಅದಕ್ಕೆ ಜೀನಿನ ಸಾಕ್ಷಿಯೂ ಸಿಕ್ಕಂತಾಯಿತು. ಚಾರ್ಲ್ಸ್ ವಾಸ್‌ಬ್ರಿಂಕ್, ಕಾರ್ಲ್ ವೋಸ್ ಮತ್ತು ಜೊತೆಗಾರರು ಪತಂಗದ ಹುಳುಗಳಲ್ಲಿ ಬದುಕುವ ಇದರ ಸಂಬಂಧಿಯೊಂದರ ರೈಬೋಸೋಮಿನ ಆರ್‌ಎನ್‌ಎ ಓದಿ 1987ರಲ್ಲಿ ಪ್ರಕಟಿಸಿದರು. ಪ್ರೋಟೀನು ಕಟ್ಟುವ ರೈಬೋಸೋಮ್ ಎಲ್ಲ ಜೀವಿಗಳಲ್ಲೂ ಇದೆ, ಹಾಗಾಗಿ ಅದರ ಅಕ್ಷರಗಳನ್ನು ಹೋಲಿಸಿ ಯಾರು ಯಾರಿಗೆ ನೆಂಟರೆಂದು ಹೇಳಬಹುದು. ಇದರ ಆರ್‌ಎನ್‌ಎ ಮೋಟು, ಬ್ಯಾಕ್ಟೀರಿಯಾದ ಹತ್ತಿರಕ್ಕೆ ಬರುವಂಥದ್ದು. ವಂಶವೃಕ್ಷ ಬರೆದರೆ ಬುಡದಲ್ಲೇ ಕವಲು. ಚನ್ನಪಟ್ಟಣದ ಕೋಠಿಯಲ್ಲಿ ಸುಡುತ್ತಿದ್ದ ಕಾಳು ಇದ್ದಕ್ಕಿದ್ದಂತೆ ಭೂಮಿಯ ಅತಿ ಹಳೆಯ ವಂಶಗಳ ಸಾಲಿಗೆ ಸೇರಿಹೋಯಿತು.

ಆ ಗೌರವ ಹತ್ತು ವರ್ಷವೂ ಬಾಳಲಿಲ್ಲ. 1985ರಲ್ಲಿ ಏಡ್ಸ್ ರೋಗಿಗಳ ಕರುಳಿನಲ್ಲಿ ಇದೇ ಗುಂಪಿನ ಹೊಸ ಜೀವಿಯೊಂದು ಸಿಕ್ಕಿತ್ತು. ರೇಷ್ಮೆಹುಳುವಿನ ಕಾಯಿಲೆಗೆ ಸಿಗದ ಗಮನ ಮನುಷ್ಯರ ಕಾಯಿಲೆಗೆ ಸಿಕ್ಕಿತು. ಮೈಕ್ರೋಸ್ಪೊರಿಡಿ­ಯಾಗಳ ಬೇರೆ ಬೇರೆ ಜೀನುಗಳನ್ನು ಓದತೊಡಗಿದರು. 1996ರ ಹೊತ್ತಿಗೆ ಟ್ಯೂಬುಲಿನ್ ಎಂಬ ಪ್ರೋಟೀನಿನ ಜೀನು ಬೇರೆಯೇ ಕಥೆ ಹೇಳಿತು: ಇವು ಶಿಲೀಂಧ್ರಗಳ ನೆಂಟರು. ಶಾಖಕ್ಕೆ ಕೆರಳುವ ಪ್ರೋಟೀನೊಂದರ ಜೀನು, ಸಾಮಾನ್ಯವಾಗಿ ಮೈಟೊಕಾಂಡ್ರಿಯಾದಲ್ಲಿ ಕೆಲಸ ಮಾಡುವಂಥದ್ದು, ಇವುಗಳಲ್ಲೂ ಪತ್ತೆಯಾಯಿತು. ಅಂದರೆ ಮೈಟೊಕಾಂಡ್ರಿಯಾ ಹಿಂದೆ ಇತ್ತು, ಕಳೆದುಕೊಂಡವು. 2002ರಲ್ಲಿ ಅದರ ಸವೆದ ಚೂರೂ ಸಿಕ್ಕಿತು. ಹಾಗಾದರೆ ರೈಬೋಸೋಮ್ ಸುಳ್ಳು ಹೇಳಿತೇ? ಸುಳ್ಳಲ್ಲ. ಪರಾವಲಂಬಿಯ ಬದುಕಿನಲ್ಲಿ ಇವುಗಳ ಜೀನುಗಳು ವಿಪರೀತ ವೇಗದಲ್ಲಿ ಬದಲಾಗಿವೆ. ಹಳೆಯದಾಗಿ ದೂರವಾದದ್ದಕ್ಕೂ ಅವಸರದಿಂದ ದೂರವಾದದ್ದಕ್ಕೂ ಆ ಕಾಲದ ಲೆಕ್ಕದ ವಿಧಾನಗಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಕಾಳಿನ ಗೋಡೆಯಲ್ಲಿ ಶಿಲೀಂಧ್ರಗಳ ಹಾಗೆ ಕೈಟಿನ್ ಇರುವುದು ಮೊದಲೇ ಗೊತ್ತಿತ್ತು, ಅದಕ್ಕೂ ಈಗ ಅರ್ಥ ಬಂತು. ಒಟ್ಟಿನಲ್ಲಿ, ಬರೀ ರೂಪ ನೋಡಿದ ನೇಗೆಲಿ ತಪ್ಪು ಕಾರಣಕ್ಕೆ ಸರಿಯಾದ ಮನೆಯ ಹತ್ತಿರವೇ ಬಂದಿದ್ದ.

ಇಷ್ಟೆಲ್ಲ ಆದರೂ ಕೋಠಿಯ ಮೇಜಿನ ಮೇಲೆ ಏನೂ ಬದಲಾಗಲಿಲ್ಲ, ನಿಜ. ಕಾಳು ಪ್ರಾಣಿಯಾದರೇನು ಶಿಲೀಂಧ್ರವಾದರೇನು, ಕಂಡರೆ ಸುಡುವುದೇ. ಆದರೆ ಕುಲದ ಪ್ರಶ್ನೆ ಬೇರೆ ಬಾಗಿಲಿನಿಂದ ಮೈಸೂರಿಗೆ ಬಂತು. ದ್ವಿತಳಿ ಬೆಳೆ ಹಬ್ಬಿಸಲು ಜಪಾನಿನ ನೆರವು ಬಂದ ದಿನಗಳಲ್ಲಿ, 1994ರಲ್ಲಿ, ಅನಂತಲಕ್ಷ್ಮಿ, ಫುಜಿವಾರಾ ಮತ್ತು ಆರ್.ಕೆ. ದತ್ತ ಭಾರತದ ರೇಷ್ಮೆಹುಳುವಿನಿಂದ ಮೂರು ಬಗೆಯ ನೊಸಿಮಾ ಬೇರ್ಪಡಿಸಿದ್ದಾಗಿ ವರದಿ ಮಾಡಿದರು. ಅದುವರೆಗೆ ಗಂಟುರೋಗವೆಂದರೆ ಒಂದೇ ಜೀವಿ ಎಂಬ ನಂಬಿಕೆ. ಈಗ ಕಾಳಿನ ಆಕಾರ, ಅಳತೆಗಳಲ್ಲಿ ವ್ಯತ್ಯಾಸ ಕಾಣುತ್ತಿತ್ತು. ಅವಕ್ಕೆ ಊರ ಹೆಸರಿಲ್ಲ, ದೇವರ ಹೆಸರಿಲ್ಲ. ಎನ್‌ಐಕೆ-2ಆರ್, 3ಎಚ್, 4ಎಂ ಎಂಬಂಥ ಸಂಕೇತಗಳು.

ಇದು ಪಂಡಿತರ ಜಗಳವಲ್ಲ ಏಕೆಂದರೆ ಜಪಾನಿನಲ್ಲಿ ಫುಜಿವಾರಾ ಮೊದಲೇ ಕಂಡಿದ್ದ ಸಂಗತಿ ಒಂದಿದೆ. ರೇಷ್ಮೆಹುಳುವನ್ನು ಹಿಡಿಯುವ ಮೈಕ್ರೋಸ್ಪೊರಿಡಿಯಾಗಳೆಲ್ಲ ಮೊಟ್ಟೆಗೆ ಇಳಿಯುವುದಿಲ್ಲ. ಕೆಲವು ಬಾಯಿಂದ ಬಂದು ಹಿಕ್ಕೆಯಲ್ಲಿ ಹೋಗುತ್ತವೆ, ಅಷ್ಟೆ. ತಾಯಿಯ ಒರಳಿನಲ್ಲಿ ಸಿಕ್ಕ ಕಾಳು ಇಂಥದ್ದಾದರೆ ಸಾವಿರಾರು ಮೊಟ್ಟೆಯ ತಂಡವನ್ನು ಸುಡಬೇಕೇ? ಇನ್ನೊಂದು ಕಡೆ, ಹಿಪ್ಪುನೇರಳೆ ತೋಟದ ಸುತ್ತ ಹಾರುವ ಬೇರೆ ಪತಂಗಗಳಲ್ಲೂ ಇಂಥ ಕಾಳುಗಳಿವೆ, ಅವು ಸೊಪ್ಪಿನ ಮೇಲೆ ಉದುರಿ ಹುಳುಮನೆಗೆ ಬರಬಹುದು. ಯಾವ ಕಾಳು ಯಾವುದೆಂದು ತಿಳಿಯದೆ ರೋಗದ ಮೂಲ ಹಿಡಿಯುವುದು ಹೇಗೆ? ಮೊದಲ ಬಾರಿಗೆ ವರ್ಗೀಕರಣ ರೈತನ ಜೇಬಿಗೆ ಸಂಬಂಧಿಸಿದ ವಿಷಯವಾಯಿತು.

ಸೂಕ್ಷ್ಮದರ್ಶಕ ಇಷ್ಟು ದೂರ ಬರಲಾರದು. ನಾಗೇಶ್ವರ ರಾವ್ ಮತ್ತು ರೇಷ್ಮೆಹುಳುವಿನ ತಳಿಶಾಸ್ತ್ರದಲ್ಲಿ ಹೆಸರಾದ ಜೆ. ನಾಗರಾಜು ಸೇರಿದ ತಂಡ 2004ರಲ್ಲಿ ಈ ಹೊಸ ಕಾಳುಗಳನ್ನು ಎರಡೂ ಕಡೆಯಿಂದ ಅಳೆಯಿತು: ಒಂದೆಡೆ ಕಾಳಿನ ರೂಪ, ಇನ್ನೊಂದೆಡೆ ರೈಬೋಸೋಮಿನ ಜೀನು ಮತ್ತು ಡಿಎನ್‌ಎ ಪಟ್ಟೆಗಳ ಗುರುತು. ಅವು ಪರಸ್ಪರ ಬೇರೆ, ಹಳೆಯ ನೊಸಿಮಾ ಬಾಂಬಿಸಿಸ್‌ಗಿಂತಲೂ ಬೇರೆ ಎಂದು ತಿಳಿಯಿತು. 2007ರಲ್ಲಿ ಇದೇ ದಾರಿಯ ಇನ್ನೊಂದು ಅಧ್ಯಯನ ಬಂತು. ರೂಪ ಒಂದೇ ಸಾಲದು, ಜೀನು ಒಂದೇ ಓದಿದರೆ 1987ರ ಹಾಗೆ ಎಡವಬಹುದು, ಎರಡನ್ನೂ ಎದುರುಬದುರು ಇಟ್ಟು ನೋಡಬೇಕು. ಕಡಲಿನ ಸಿಲಿಯೇಟುಗಳನ್ನು ಹೆಸರಿಸುವವರು ಇಂದು ಮಾಡುವುದೂ ಇದನ್ನೇ.

ಅದೇ ಹೊತ್ತಿಗೆ ನೊಸಿಮಾ ಬಾಂಬಿಸಿಸ್‌ನ ರೈಬೋಸೋಮ್ ಜೀನುಗಳಲ್ಲಿ ಒಂದು ವಿಚಿತ್ರ ಕಂಡಿತು. ಸಣ್ಣ ತುಂಡಿನ ಜೀನು ಮೊದಲು, ದೊಡ್ಡದು ಆಮೇಲೆ ಎಂಬುದು ಜೀವಲೋಕದ ವಾಡಿಕೆ. ಇದರಲ್ಲಿ ಕ್ರಮ ತಿರುಗುಮುರುಗು. ಇದರ ಹತ್ತಿರದ ಬಂಧುಗಳಲ್ಲಷ್ಟೆ ಆ ತಿರುವು ಇದೆ, ಜೇನುನೊಣದ ನೊಸಿಮಾಗಳಲ್ಲಿ ಇಲ್ಲ. 2013ರಲ್ಲಿ ಚೀನಾದ ಚೊಂಗ್‌ಚಿಂಗ್‌ನ ಸಂಶೋಧಕರು ಇಡೀ ಜೀನೋಮನ್ನೇ ಓದಿದರು, 1 ಕೋಟಿ 57 ಲಕ್ಷ ಅಕ್ಷರಗಳು. ಈ ಗುಂಪಿನ ಇನ್ನೊಂದು ಜೀವಿಯದ್ದು 2001ರಲ್ಲೇ ಓದಿಯಾಗಿತ್ತು, ಅದರಲ್ಲಿ 29 ಲಕ್ಷ ಅಕ್ಷರ, ಸುಮಾರು 2,000 ಜೀನು ಮಾತ್ರ. ರೇಷ್ಮೆಹುಳುವಿನ ಕಾಳು ಅದಕ್ಕಿಂತ ಇಷ್ಟು ದೊಡ್ಡದಾಗಲು ಮುಖ್ಯ ಕಾರಣ ಜೀನೋಮಿನೊಳಗೆ ಜಾಗದಿಂದ ಜಾಗಕ್ಕೆ ನೆಗೆದು ತಮ್ಮ ಪ್ರತಿಗಳನ್ನು ಹೆಚ್ಚಿಸಿಕೊಳ್ಳುವ ತುಂಡುಗಳು. 2020ರಲ್ಲಿ ಜೇನುನೊಣದ ಎರಡು ನೊಸಿಮಾಗಳನ್ನು ವೈರಿಮಾರ್ಫಾ ಎಂಬ ಬೇರೆ ಕುಲಕ್ಕೆ ವರ್ಗಾಯಿಸಬೇಕೆಂಬ ಪ್ರಸ್ತಾವ ಬಂತು. ಜೇನಿನವರೆಲ್ಲ ಅದನ್ನು ಒಪ್ಪಿಲ್ಲ. ಗಂಟುರೋಗದ ಕಾಳಿಗೆ ಆ ಆತಂಕವಿಲ್ಲ. 1857ರ ನಾಮಕರಣವೇ ಕುಲಕ್ಕೆ ಮೂಲವಾದ್ದರಿಂದ ಯಾರು ಬಂದರೂ ಹೋದರೂ ನೊಸಿಮಾ ಎಂಬ ಹೆಸರು ಇದರದ್ದೇ.

ಕಾಳು ಕಣ್ಣಿಗೆ ಬೀಳುವ ಮೊದಲೇ ಅದರ ಡಿಎನ್‌ಎ ಹಿಡಿಯುವ ಪಿಸಿಆರ್, ಲ್ಯಾಂಪ್ ಪರೀಕ್ಷೆಗಳು ಈಗ ಪ್ರಯೋಗಾಲಯಗಳಲ್ಲಿವೆ. ಮೂಲ ಬಿತ್ತನೆಯಲ್ಲಿ, ಅನುಮಾನ ಬಂದ ತಂಡಗಳಲ್ಲಿ ಅವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಆದರೆ ರೈತ ‘ನೂರು ಮೊಟ್ಟೆ’ ಕೊಟ್ಟುಬಿಡಿ ಎಂದು ಕೇಳಿದರೆ ಅದು ನೂರು ತಾಯಂದಿರ ಮೊಟ್ಟೆ, ನಲವತ್ತು ಸಾವಿರ ಹುಳು. ಮೂಲ ಬಿತ್ತನೆಯ ಒಂದೊಂದು ತಾಯಿಯನ್ನೂ, ರೈತರಿಗೆ ಹೋಗುವ ಬಿತ್ತನೆಯಲ್ಲಿ ತಂಡಕ್ಕಿಷ್ಟೆಂದು ಆರಿಸಿದ ತಾಯಂದಿರನ್ನೂ ನೋಡಿ ಮುಗಿಸಲು ಇರುವುದು ಮೊಟ್ಟೆ ಒಡೆಯುವವರೆಗಿನ ಅದೇ ಹತ್ತು ದಿನ. ಆ ಅವಸರಕ್ಕೆ, ಆ ಬೆಲೆಗೆ ಹೊಂದುವ ಉಪಕರಣ ಸದ್ಯಕ್ಕೆ ಒರಳು, ಕಾರ್ಬೊನೇಟಿನ ಹನಿ ಮತ್ತು 600 ಪಟ್ಟಿನ ಸೂಕ್ಷ್ಮದರ್ಶಕವೇ.